ಮೆಕ್ಸಿಕೋ ದಂಡಯಾತ್ರೆ

ನನಗೆ ಅಡುಗೆ ಬರುತ್ತದೆ ಎಂಬುದು ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಸಂಗತಿ. ಅದನ್ನು ಹಾಗೇ ಗುಟ್ಟಾಗಿ ಇಟ್ಟುಕೊಂಡಿದ್ದರೆ ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಗೆ, ನಮ್ಮ ಓಣಿಗೆ ಮತ್ತು ನಮ್ಮ ಎಮ್ಮೆಗೆ ಎರಡು ದಿನದ ನೆಮ್ಮದಿ ಉಳಿಯುತ್ತಿತ್ತು.

ಬೆಂಗಳೂರಿನಲ್ಲಿ ಓದುವ ತಂಗಿಯ ಮಗಳು, ನನ್ನ ಸೋದರಸೊಸೆ, ಸೂಟಿಗೆಂದು ನಮ್ಮೂರು ಚಂದ್ರಬಂಡಕ್ಕೆ ಬಂದಿದ್ದಳು. ಮೇ ತಿಂಗಳಲ್ಲಿ ರಾಯಚೂರು ಸೀಮೆಗೆ ನೆಂಟರು ಬಂದರೆಂದರೆ ಅವರಿಗೆ ನಮ್ಮ ಮೇಲೆ ಅಪಾರ ಪ್ರೀತಿ ಇರಬೇಕು, ಇಲ್ಲವೇ ಪೇಪರಿನಲ್ಲಿ ಹವಾಮಾನದ ಮೂಲೆ ಓದುವ ರೂಢಿ ಇರಬಾರದು. ಮೊದಲ ದಿನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಂಡು ‘ವಾವ್’ ಎಂದಳು. ಎರಡನೆಯ ದಿನ ರೊಟ್ಟಿ, ಪುಂಡಿಪಲ್ಯ ಬಂತು, ಸುಮ್ಮನೆ ಉಂಡಳು. ಮೂರನೆಯ ದಿನ ರೊಟ್ಟಿ, ಕಾಳುಪಲ್ಯ, ಟೊಮ್ಯಾಟೊ ಹಾಕಿ ಅರೆದ ಕೆಂಪು ಖಾರ ತಾಟಿಗೆ ಬಿದ್ದಾಗ ತಡೆಯಲಾಗಲಿಲ್ಲ.

“ಮಾಮ, ದಿನಾ ಅದೇ ರೊಟ್ಟಿ, ಅದೇ ಕಾಳು, ಅದೇ ಖಾರ. ನಿಮಗ ಬ್ಯಾಸರ ಆಗಂಗಿಲ್ಲೇನು?”

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕೊಲಂಬಸ್ 1492ರಲ್ಲಿ ಹಡಗು ಹತ್ತಿದ್ದನ್ನು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವವನು. ಪ್ರಪಂಚಜ್ಞಾನದ ಮಾತು ಬಂದಾಗ ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನಕ್ಕೆ ಒಗ್ಗದು. “ನಾಳೆ ರಾತ್ರಿ ನಮ್ಮ ಮನ್ಯಾಗ ಮೆಕ್ಸಿಕೋ!” ಎಂದುಬಿಟ್ಟೆ. ಮೆಕ್ಸಿಕೋ ಯಾಕೆ ಬಾಯಿಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಚೀನಾ ಎಂದಿದ್ದರೆ ಬಸ್‌ಸ್ಟ್ಯಾಂಡಿನ ಗಾಡಿಯವನಿಂದ ಗೋಬಿ ಕಟ್ಟಿಸಿಕೊಂಡು ಬಂದು ಮಾನ ಉಳಿಸಿಕೊಳ್ಳಬಹುದಿತ್ತು.

ಮೂಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಅವ್ವ ತಲೆ ಎತ್ತಿದಳು. “ಮೆಕ್ಸಿಕೋದವರು ಯಾರು ತಮ್ಮಾ? ಬೀಗರೇನು? ಎಷ್ಟು ಮಂದಿ ಬರ್ತಾರ?”

ಸೊಸೆ ಫೋನಿನಲ್ಲಿ ಹುಡುಕಿ ಎಂಚಿಲಾಡಾ ಎಂಬುದನ್ನು ಆರಿಸಿದಳು. ನಮ್ಮ ಮನೆಯಲ್ಲಿ ಮಾಂಸ ಬೇಯುವುದಿಲ್ಲವಾದ್ದರಿಂದ ಕಾಳಿನ ಎಂಚಿಲಾಡಾ. ಮೆಕ್ಕೆಜೋಳದ ತೆಳು ರೊಟ್ಟಿಯನ್ನು ಮೆಣಸಿನಕಾಯಿ ರಸದಲ್ಲಿ ಅದ್ದಬೇಕು, ಒಳಗೆ ಅರೆದ ಕಾಳು ಇಟ್ಟು ಸುರುಳಿ ಸುತ್ತಬೇಕು, ಟ್ರೇಯಲ್ಲಿ ಸಾಲಾಗಿ ಮಲಗಿಸಿ ಮೇಲೆ ಮತ್ತಷ್ಟು ರಸ, ಚೀಸ್ ಹಾಕಿ ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಬೇಕು. ಇಷ್ಟನ್ನೂ ನಾನು ಪಾಠ ಮಾಡುವ ಧ್ವನಿಯಲ್ಲಿ ಓದಿದೆ. ಅವ್ವ ಕೇಳಿಸಿಕೊಂಡು ಅಡಿಕೆ ಬಾಯಿಗೆ ಹಾಕಿಕೊಂಡಳು. “ಅಂದ್ರ ಖಾರ ಹಚ್ಚಿದ ರೊಟ್ಟಿ ಅನ್ನು.”

ನಾನು ಕನಿಕರದಿಂದ ನಕ್ಕೆ. “ಅವ್ವಾ, ಇದು ಅಂತರರಾಷ್ಟ್ರೀಯ ಅಡಿಗಿ. ಹಂಗೆಲ್ಲ ಅನಬಾರದು.”

ಮರುದಿನ ಬೆಳಿಗ್ಗೆ ಚೀಲ ಹಿಡಿದು ರಾಯಚೂರಿಗೆ ಹೊರಟೆ. ತೀನ್ ಕಂದೀಲ್ ಹತ್ತಿರದ ಒಂದು ಕಿರಾಣಿ ಅಂಗಡಿಯಲ್ಲಿ ಗಂಭೀರವಾಗಿ ಕೇಳಿದೆ: “ಟಾರ್ಟಿಲ್ಲಾ ಅದಾವೇನ್ರಿ?”

“ಟಾರ್ಚ್ ಸೆಲ್ಲಾ? ಎದುರಿನ ಅಂಗಡ್ಯಾಗ ಸಿಗ್ತಾವ್ ನೋಡ್ರಿ.”

ಸೊಸೆಗೆ ಫೋನು ಹಚ್ಚಿದೆ. ಅದು ಟಾರ್ಟಿಲ್ಲಾ ಅಲ್ಲವಂತೆ, ತೋರ್ತಿಯಾ ಅಂತೆ. ಜಲಪೆನೋ ಅಲ್ಲವಂತೆ, ಹಲಪೆನ್ಯೊ ಅಂತೆ. ಆ ಭಾಷೆಯಲ್ಲಿ ‘ಜ’ ಕಂಡಲ್ಲಿ ‘ಹ’ ಅನ್ನಬೇಕಂತೆ. ಪಕ್ಕದಲ್ಲಿದ್ದ ನಮ್ಮಾಕಿಯ ದನಿ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು: “ಹಂಗಾದ್ರ ಜೋಳದ ರೊಟ್ಟಿಗೆ ಅಲ್ಲಿ ಹೋಳದ ರೊಟ್ಟಿ ಅಂತಾರೇನು ಕೇಳು.”

ಉಸ್ಮಾನಿಯಾ ಮಾರ್ಕೆಟ್ಟಿನಲ್ಲಿ ಕಾಯಿಪಲ್ಯದಾಕಿಗೆ ಹೆಸರು ಹೇಳುವ ಧೈರ್ಯ ಮಾಡದೆ ಹಲಪೆನ್ಯೊ ಚಿತ್ರ ತೋರಿಸಿದೆ. ಆಕೆ ಫೋನನ್ನು ಹಿಂದೆ ಮುಂದೆ ಹಿಡಿದು ನೋಡಿ, “ಇದು ಮಿರ್ಚಿ ಭಜಿ ಮೆಣಸಿನಕಾಯಿ ಅಲ್ಲೇನ್ರಿ ಸರ? ಸಣ್ಣದಿದ್ದಾಗ ಕಿತ್ತಾರ, ಅಷ್ಟ” ಎಂದು ಕಾಲು ಕಿಲೋ ತೂಗಿ ಕೊಟ್ಟಳು. ಹಲಪೆನ್ಯೊ ಅಂದರೆ ಹಲಾಪಾ ಊರಿನದು ಎಂದರ್ಥ. ಹಲಾಪಾ ಮೆಕ್ಸಿಕೋದ ವೆರಾಕ್ರೂಸ್ ರಾಜ್ಯದ ಪಟ್ಟಣ. ಬ್ಯಾಡಗಿ ಊರಿನ ಹೆಸರು ಹೊತ್ತ ಮೆಣಸಿನಕಾಯಿ ನಮ್ಮಲ್ಲಿ ಇಲ್ಲವೇ, ಹಾಗೆ. ಇದನ್ನು ಆಕೆಗೆ ವಿವರಿಸಹೋದೆ. ಹಿಂದೆ ನಿಂತವರು “ಸರ, ಜರಾ ಸರೀರಿ” ಎಂದರು.

ಇನ್ನು ಚೀಸು. ಒಂದು ದೊಡ್ಡ ಅಂಗಡಿಯ ಫ್ರಿಜ್ಜಿನಿಂದ ಕಲ್ಲಿನಂತಿದ್ದ ಎರಡು ಪಾಕೀಟು ತೆಗೆಸಿ, ಮಗುವಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ, ಮಧ್ಯಾಹ್ನ ಒಂದು ಗಂಟೆಗೆ ಕಿಟಕಿ ಪಕ್ಕದ ಸೀಟು ಹಿಡಿದೆ. ಬಸ್ಸು ಹೊರಡುವ ಮೊದಲೇ ಕಂಡಕ್ಟರ್, “ಸರ, ನಿಮ್ಮ ಚೀಲದಾಗ ಏನೋ ಅಳಾಕತ್ತೈತಿ” ಎಂದ. ಚಂದ್ರಬಂಡದಲ್ಲಿ ಇಳಿಯುವಾಗ ಪಾಕೀಟು ಅಲುಗಿಸಿದರೆ ಗುಳುಗುಳು ಸದ್ದು. ಓವನ್ನಿನಲ್ಲಿ ಇಪ್ಪತ್ತೈದು ನಿಮಿಷ ಆಗಬೇಕಾದದ್ದು ರಾಯಚೂರಿನ ಬಿಸಿಲಿನಲ್ಲಿ ಪುಕ್ಕಟೆ ಆಗಿಹೋಗಿತ್ತು.

ತೋರ್ತಿಯಾ ಸಿಗದಿದ್ದರೇನಂತೆ, ನಾವೇ ಮಾಡಿದರಾಯಿತು. ಮೆಕ್ಕೆಜೋಳದ ಹಿಟ್ಟು ತರಿಸಿದೆ. ನಮ್ಮ ಕಡೆ ಇದಕ್ಕೆ ಗೋವಿನ ಜೋಳ ಎಂಬ ಹೆಸರೂ ಉಂಟು. ಅವ್ವನಿಗೆ ಅದೇ ಹೆಸರು ನೆನಪಾಗಿ, “ದನದ ಜೋಳ ಯಾಕ ನಾದಾಕತ್ತೀಯೋ ತಮ್ಮಾ? ಮೆಕ್ಸಿಕೋದವರು ಬರ್ತಾರಂದಿ, ದನಾನೂ ಹೊಡಕೊಂಡು ಬರ್ತಾರೇನು?” ಎಂದಳು. ನಮ್ಮಾಕಿ ಕೈಯಲ್ಲಿ ಜೋಳದ ಹಿಟ್ಟು ಎಸರು ಬಿದ್ದ ಕೂಡಲೇ ವಿಧೇಯ ವಿದ್ಯಾರ್ಥಿಯ ಹಾಗೆ ಉಂಡೆಯಾಗುತ್ತದೆ. ತಟತಟ ಬಡಿದರೆ ಹುಣ್ಣಿಮೆ ಚಂದ್ರ ಹೆಂಚಿನ ಮೇಲೆ ಇಳಿಯುತ್ತದೆ. ನನ್ನ ಕೈಯಲ್ಲಿ ಗೋವಿನ ಜೋಳ ಕೊನೆಯ ಬೆಂಚಿನವರಂತೆ ವರ್ತಿಸಿತು. ತಟ್ಟಿದರೆ ಬಿರಿಯಿತು, ಎತ್ತಿದರೆ ಹರಿಯಿತು, ಹೆಂಚಿಗೆ ಹಾಕಿದಾಗ ಕೃಷ್ಣೆ ತುಂಗಭದ್ರೆಯರು ಎರಡೂ ಕಡೆ ಕೊರೆದ ರಾಯಚೂರು ಜಿಲ್ಲೆಯ ನಕಾಶೆಯಾಗಿ ಬಿತ್ತು. ಮೇಷ್ಟ್ರಾಗಿ ನನಗೆ ಸಂತೋಷವಾಯಿತು, ಅಡುಗೆಯವನಾಗಿ ಆಗಲಿಲ್ಲ.

ಫೋನಿನಲ್ಲಿ ಕಾರಣ ಸಿಕ್ಕಿತು. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಒಣಗಿದಂತೆಯೇ ಬೀಸುವುದಿಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲಾ ನೆನೆಯಿಟ್ಟು, ಸಿಪ್ಪೆ ತಿಕ್ಕಿ ತೊಳೆದು ಅರೆಯುತ್ತಾರೆ. ಆಗ ಹಿಟ್ಟಿಗೆ ಅಂಟು ಬರುತ್ತದೆ, ಕಾಳಿನಲ್ಲಿ ಅಡಗಿದ ಬಿ3 ಜೀವಸತ್ವವೂ ಮೈಗೆ ಹತ್ತುತ್ತದೆ. ಸಾವಿರಾರು ವರ್ಷದ ಬುದ್ಧಿ ಅದು. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ಬುದ್ಧಿ ಒಯ್ಯಲಿಲ್ಲ. ಬರೀ ಅದನ್ನೇ ಉಂಡ ಬಡವರಿಗೆ ಪೆಲಾಗ್ರಾ ರೋಗ ಗಂಟುಬಿತ್ತು. ನಾನು ಸುಣ್ಣ ತಂದೆ, ಬುದ್ಧಿ ತರಲಿಲ್ಲ.

ಸುಣ್ಣ ಎಲ್ಲಿತ್ತು? ಅವ್ವನ ಎಲೆಚೀಲದಲ್ಲಿ. ಒಂದು ಕಿಲೋ ಕಾಳಿಗೆ ಹತ್ತು ಗ್ರಾಂ ಸಾಕು ಎಂದಿತ್ತು. ಹತ್ತು ಗ್ರಾಂ ಎಂದರೆ ಏನೂ ಅಲ್ಲ ಎನಿಸಿ, ಡಬ್ಬಿಯನ್ನೇ ಬೋರಲು ಹಾಕಿದೆ. ಮೆಕ್ಸಿಕೋ ಒಂದು ರಾತ್ರಿ ಮುಂದೆ ಹೋಯಿತು. ಬೆಳಿಗ್ಗೆ ಅಡುಗೆಮನೆಯಲ್ಲಿ ದೀಪಾವಳಿಗೆ ಸುಣ್ಣ ಬಳಿದ ಮನೆಯ ವಾಸನೆ. ಒಂಬತ್ತು ನೀರು ತೊಳೆದು ಗ್ರೈಂಡರಿಗೆ ಹಾಕಿದೆ. ಹಿಟ್ಟೇನೋ ಗಟ್ಟಿಯಾಗಿ, ಮುದ್ದಾಗಿ ಬಂತು. ಒಂದು ರೊಟ್ಟಿ ಬೇಯಿಸಿ ಸೊಸೆಗೆ ಕೊಟ್ಟೆ. ಆಕೆ ಅಗಿದಳು, ನಿಲ್ಲಿಸಿದಳು, ಯೋಚಿಸಿದಳು. “ಮಾಮ, ಗ್ವಾಡಿ ನೆಕ್ಕಿದಂಗ ಆಗ್ತೈತಿ.” ಉಳಿದದ್ದರಲ್ಲಿ ಒಂದು ಮುದ್ದೆಯನ್ನು ಎಮ್ಮೆಯ ಮುಂದಿಟ್ಟೆ. ಅದು ಮೂಸಿ, ನನ್ನ ಮುಖವನ್ನೊಮ್ಮೆ ನೋಡಿ, ಆ ಕಡೆ ತಿರುಗಿ ನಿಂತಿತು. ಗೋವಿನ ಜೋಳ ಎಂಬ ಹೆಸರಿಗೆ ಅದು ಬೆಲೆ ಕೊಡಲಿಲ್ಲ.

ನಮ್ಮಾಕಿ ಒಂದು ಮಾತೂ ಆಡದೆ ಹನ್ನೆರಡು ಜೋಳದ ರೊಟ್ಟಿ ಬಡಿದು, ಮೆತ್ತಗಿರುವಾಗಲೇ ಬಟ್ಟೆಯಲ್ಲಿ ಸುತ್ತಿಟ್ಟಳು. ಮೆಕ್ಸಿಕೋದ ಮೊದಲ ಕೋಟೆ ಹೀಗೆ ಕೈಬಿಟ್ಟಿತು.

ಎರಡನೆಯದು ಖಾರದ ರಸ. ದೇವದುರ್ಗದ ಬೀಗರು ಪ್ರತಿವರ್ಷ ಒಂದು ಚೀಲ ಗುಂಟೂರು ಮೆಣಸಿನಕಾಯಿ ಕಳಿಸುತ್ತಾರೆ. ವರ್ಷದ ಖಾರಪುಡಿಗೆಂದು ಅದು ಮಾಳಿಗೆಯ ಮೇಲೆ ಬಿಸಿಲು ಕಾಯುತ್ತಿತ್ತು. ಆಂಚೋ ಎಂಬ ಒಣಮೆಣಸಿನಕಾಯಿ ಎಂಟು ಬೇಕೆಂದು ಫೋನು ಹೇಳಿತು. ಆಂಚೋ ಎಂದರೆ ಅಂಗೈ ಅಗಲದ ಸಾಧುಪ್ರಾಣಿ. ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಸಿಟ್ಟು ಕಡಿಮೆ. ಇದು ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಕಂಡದ್ದು ಅಳತೆ ಮಾತ್ರ. ಅವು ದೊಡ್ಡವು, ನಮ್ಮವು ಸಣ್ಣವು. ಒಂದಕ್ಕೆ ಮೂರರಂತೆ ಇಪ್ಪತ್ನಾಲ್ಕು ಗುಂಟೂರನ್ನು ಬಾಣಲೆಯಲ್ಲಿ ಹುರಿದೆ.

ಘಾಟು ಮೊದಲು ಮೂಗು ಹಿಡಿಯಿತು, ಆಮೇಲೆ ಮನೆ ಹಿಡಿಯಿತು, ಆಮೇಲೆ ಓಣಿ. ಸೊಸೆ ಮಾಳಿಗೆಗೆ ಓಡಿದಳು. ಎಮ್ಮೆ ಸೀನಿತು. ಎದುರು ಮನೆಯ ದೊಡ್ಡವ್ವ ಸೆರಗು ಮೂಗಿಗೆ ಹಿಡಿದು ಬಂದು, “ಯಾರಿಗೆ ದೃಷ್ಟಿ ತೆಗಿಯಾಕತ್ತೀರವ್ವಾ?” ಎಂದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬಾರದಿದ್ದರೆ ದೃಷ್ಟಿ ಬಿದ್ದಿದೆ ಎಂದು ನಮ್ಮ ಕಡೆಯ ಲೆಕ್ಕ. ಆಕೆ ಎರಡು ಸಲ ಕೆಮ್ಮಿ ತೀರ್ಪು ಕೊಟ್ಟಳು: “ಇಷ್ಟು ಘಾಟು ಬಂತಂದ್ರ ನಿಮ್ಮ ಮನಿಗೆ ಯಾರ ದೃಷ್ಟಿನೂ ಬಿದ್ದಿಲ್ಲ ಬಿಡ್ರಿ. ಬೀಳೂ ಅಂಥಾದ್ದು ಏನೈತಿ?”

ಹುರಿದ ಮೆಣಸಿನಕಾಯಿ ನೆನೆಸಿ, ಬಳ್ಳೊಳ್ಳಿ, ಟೊಮ್ಯಾಟೊ ಕೂಡಿಸಿ ಅರೆದೆ. ಬಣ್ಣ ನೋಡಿ ನನಗೇ ಹೆಮ್ಮೆಯಾಯಿತು. ಅಡುಗೆಮನೆಗೆ ಇಣುಕಿದ ಅವ್ವ, “ಕೆಂಪು ಖಾರ ಚಲೋ ಬಂದೈತಿ” ಎಂದಳು. “ಅದು ಸಾಸ್, ಅವ್ವಾ!” ಎಂದೆ.

ಕಾಳಿಗೆ ರಾಜ್ಮಾ ಬೇಯಿಸಿದ್ದೆ. ‘ರಿಫ್ರೈಡ್ ಬೀನ್ಸ್’ ಮಾಡಬೇಕೆಂದಿತ್ತು. ರಿ ಎಂದರೆ ಮತ್ತೆ, ಫ್ರೈಡ್ ಎಂದರೆ ಹುರಿದದ್ದು. ಇಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಒಮ್ಮೆ ಹುರಿದು ಇಳಿಸಿದೆ, ಆರಲು ಬಿಟ್ಟೆ, ನಿಯಮದಂತೆ ಮತ್ತೊಮ್ಮೆ ಒಲೆಗೇರಿಸಿದೆ. ಎರಡನೆಯ ಸಲ ತಳ ಹಿಡಿದು ಇದ್ದಿಲಾಯಿತು. ಸ್ಪ್ಯಾನಿಷಿನ ‘ರೆಫ್ರಿತೋಸ್’ ಎಂದರೆ ಚೆನ್ನಾಗಿ ಹುರಿದದ್ದು ಎಂದಷ್ಟೇ ಅರ್ಥವಂತೆ. ಭಾಷಾಂತರದಲ್ಲಿ ಅರ್ಥ ಕೆಡುವುದನ್ನು ಕೇಳಿದ್ದೆ, ಪಾತ್ರೆ ಕೆಟ್ಟದ್ದನ್ನು ಅವತ್ತೇ ಕಂಡೆ. ನಿನ್ನೆಯ ಮಡಕೆಕಾಳು ಪಲ್ಯ ಅರ್ಧ ಬೋಗುಣಿ ಉಳಿದಿತ್ತು. ಯಾರಿಗೂ ಹೇಳದೆ ಅದನ್ನೇ ಅರೆದು ರೊಟ್ಟಿಯೊಳಗೆ ಇಟ್ಟೆ.

ಸುರುಳಿಗಳು ಟ್ರೇಯಲ್ಲಿ ಸಾಲಾಗಿ ಮಲಗಿದವು. ಮೇಲೆ ಕೆಂಪು ರಸ, ಅದರ ಮೇಲೆ ಗುಳುಗುಳು ಚೀಸು. ಈಗ ಓವನ್ನು. ನಮ್ಮ ಗೃಹಪ್ರವೇಶಕ್ಕೆ ಮುಯ್ಯಿ ಬಂದ ಓವನ್ನೊಂದು ಅಟ್ಟದ ಮೇಲೆ ಡಬ್ಬಿಯಲ್ಲೇ ಇತ್ತು. ಇಳಿಸಿ, ಒಳಗೆ ವಾಸವಾಗಿದ್ದ ಹಲ್ಲಿಯ ಮನವೊಲಿಸಿ, ಪ್ಲಗ್ಗು ಸಿಕ್ಕಿಸಿದೆ. 1,600 ವ್ಯಾಟ್. ಟಪ್ ಎಂದಿತು. ಮನೆಯೆಲ್ಲಾ ಕತ್ತಲು; ಫ್ಯಾನು ನಿಂತಿತು.

ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ನಮ್ಮ ತಾಲ್ಲೂಕಿನ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದ ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್. ನನ್ನಂಥವರು ಏಕಕಾಲಕ್ಕೆ ಹತ್ತು ಲಕ್ಷ ಓವನ್ ಹಚ್ಚಿ ಹತ್ತು ಲಕ್ಷ ಊಟ ಕೆಡಿಸಬಹುದು. ಕೊರತೆ ಇದ್ದದ್ದು ನಮ್ಮ ಮೀಟರ್ ಬೋರ್ಡಿನಲ್ಲಿ. ಹಿಂದಿನ ಸಲ ಫ್ಯೂಸು ಹೋದಾಗ ಎಲೆಕ್ಟ್ರಿಷಿಯನ್‌ಗೆ ದುಡ್ಡು ಯಾಕೆಂದು ಕೂದಲೆಳೆಯ ತಂತಿ ಕಟ್ಟಿದವನು ನಾನೇ. ಅಡುಗೆ ಬರುತ್ತದೆ ಎನ್ನುವ ಹಾಗೆಯೇ ಕರೆಂಟಿನ ಕೆಲಸ ಬರುತ್ತದೆ ಎಂಬ ನಂಬಿಕೆಯೂ ನನಗಿದೆ.

ಫ್ಯಾನಿಲ್ಲದೆ ಎಲ್ಲರೂ ಅಂಗಳಕ್ಕೆ ಬಂದರು. ಮದುವೆ ಮನೆಗಳಿಗೆ ಬಿರಿಯಾನಿ ಹಂಡೆ ಏರಿಸುವ ಪಕ್ಕದ ಮನೆಯ ಚಾಚಾ ಕಟ್ಟೆಯ ಮೇಲೆ ಕೂತಿದ್ದರು. ಟ್ರೇ ನೋಡಿದರು, ನನ್ನನ್ನು ನೋಡಿದರು. “ಕ್ಯಾ ಸರ, ಇಷ್ಟಕ್ಕ ಓವನ್ ಯಾಕ ಬೇಕು? ಕೆಳಗ ಕೆಂಡ, ಮ್ಯಾಲ ಕೆಂಡ. ಪಾತ್ರಿ ನಿಮ್ದು, ಕೆಂಡ ನಿಮ್ದು, ಬುದ್ಧಿ ಅಷ್ಟ ನಂದು.” ನಿಜಾಮರ ಆಳ್ವಿಕೆ 1948ಕ್ಕೆ ಮುಗಿಯಿತು; ಜಿಲ್ಲೆ 1956ರಲ್ಲಿ ನಮ್ಮ ರಾಜ್ಯಕ್ಕೆ ಬಂತು; ಮುಚ್ಚಿಟ್ಟು ಕೆಂಡದಲ್ಲಿ ಬೇಯಿಸುವ ದಮ್ ಮಾತ್ರ ನಮ್ಮನ್ನು ಬಿಟ್ಟು ಹೋಗಲಿಲ್ಲ.

ದೊಡ್ಡ ಡಬರಿಯ ತಳಕ್ಕೆ ಮರಳು, ಅದರ ಮೇಲೆ ಟ್ರೇ, ಮುಚ್ಚಳ. ಮುಚ್ಚಳದ ಅಂಚು ಮುಚ್ಚಲು ನಾದಿದ ಹಿಟ್ಟು ಬೇಕೆಂದರು. ಎಮ್ಮೆ ಒಲ್ಲೆಂದ ಸುಣ್ಣದ ಹಿಟ್ಟು ತಂದುಕೊಟ್ಟೆ. ಚಾಚಾ ಒಂದು ಚಿಟಿಕೆ ತಿಕ್ಕಿ ನೋಡಿ, “ಮಾಶಾಲ್ಲಾ, ಸಿಮೆಂಟ್!” ಎಂದರು. ಎರಡು ದಿನದಲ್ಲಿ ನನ್ನ ಕೈಯಿಂದ ಆದ ಉಪಯೋಗದ ವಸ್ತು ಅದೊಂದೇ. ಮುಚ್ಚಳದ ಮೇಲೆ ಕೆಂಡ ಸುರಿದು ಅರ್ಧ ಗಂಟೆ ಕಾದೆವು. ತೆಗೆಯಲು ಸುತ್ತಿಗೆ ಬೇಕಾಯಿತು.

ರಾತ್ರಿ ಒಂಬತ್ತಕ್ಕೆ ಮೆಕ್ಸಿಕೋ ತಾಟಿಗೆ ಬಂತು. ಮೊದಲ ತುತ್ತು ನನ್ನದು. ನಾಲಿಗೆಯ ಮೇಲೆ ಇಪ್ಪತ್ನಾಲ್ಕು ಗುಂಟೂರು ಒಟ್ಟಿಗೆ ಹಾಜರಿ ಹೇಳಿದವು. ಕಣ್ಣೀರು ಇಳಿಯಿತು, ಆದರೆ ಕಷ್ಟಪಟ್ಟು ಮಾಡಿದವನು ಖಾರ ಎಂದು ಒಪ್ಪಿಕೊಳ್ಳುವಂತಿಲ್ಲ. ಮಾತಿನಲ್ಲಿ ಮುಚ್ಚೋಣವೆಂದು ಪಾಠ ಶುರುಮಾಡಿದೆ.

“1520ರಾಗ ಕೃಷ್ಣದೇವರಾಯ ನಮ್ಮ ರಾಯಚೂರು ಕೋಟಿಗೆ ಮುತ್ತಿಗಿ ಹಾಕಿದ. ಅವನ ಕಡೆ ಕೋವಿ ಹಿಡಿದ ಪೋರ್ಚುಗೀಸರಿದ್ರು. ಅದೇ ವರ್ಷ ಅತ್ತ ಮೆಕ್ಸಿಕೋದಾಗ ಸ್ಪೇನಿನ ಕೊರ್ತೆಸ್ ತೆನೋಚ್ತಿತ್ಲಾನ್ ಅನ್ನೋ ರಾಜಧಾನಿ ಸಂಬಂಧ ಬಡಿದಾಡ್ತಿದ್ದ. 1521ರಾಗ ಅದು ಬಿತ್ತು. ಅಲ್ಲಿಯ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಾಗ ನಮ್ಮ ಕಡೆ...” ಇಲ್ಲಿ ಬಿಕ್ಕಳಿಕೆ ಶುರುವಾಯಿತು. ನಮ್ಮಾಕಿ ನೀರಿನ ತಂಬಿಗೆ ಸರಿಸಿದಳು. “ಪಿರಿಯಡ್ ಮುಗೀತ್ರಿ ಸರ. ನೀರು ಕುಡೀರಿ.”

ಸೊಸೆ ಒಂದು ಕೈಯಲ್ಲಿ ಮೊಸರು, ಇನ್ನೊಂದರಲ್ಲಿ ಫೋನು ಹಿಡಿದಿದ್ದಳು. “ಮಾಮ, ಇಲ್ನೋಡ್ರಿ. ಮೆಕ್ಸಿಕೋದಾಗ ಎಂಚಿಲಾಡಾನ ಓವನ್ನಿನಾಗ ಇಡೋದು ಕಡಿಮಿ ಅಂತ. ಖಾರದಾಗ ಅದ್ದಿ, ಸುತ್ತಿ, ಹಂಗೇ ತಿಂತಾರಂತ. ಟ್ರೇನಾಗ ಬೇಯಿಸೋದೆಲ್ಲ ಅಮೆರಿಕಾದ ಕಡೆಯ ರೂಢಿ.” ನಾನು ಬಿಕ್ಕಿದೆ. “ಮತ್ತ, ಸ್ಪೇನಿನವರು ಬರೋಕಿಂತ ಮುಂಚೆ ಅಲ್ಲಿ ಆಕಳಾ ಇರಲಿಲ್ಲಂತ. ಅಂದ್ರ ಚೀಸೂ ಇರಲಿಲ್ಲ.”

ಅಂದರೆ ಓವನ್ನು ಕಳೆಯಿರಿ, ಚೀಸು ಕಳೆಯಿರಿ. ಬಸ್ ಚಾರ್ಜು, ಫ್ಯೂಸು, ಹಲ್ಲಿಯ ವಸತಿ ಎಲ್ಲವನ್ನೂ ಕಳೆಯಿರಿ. ಉಳಿದದ್ದೇನು? ರೊಟ್ಟಿ. ಕಾಳು. ಟೊಮ್ಯಾಟೊ ಹಾಕಿ ಅರೆದ ಕೆಂಪು ಖಾರ. ಮೂರನೆಯ ದಿನ ಈ ಹುಡುಗಿ ಬೇಸರವೆಂದ ತಾಟು ಸುರುಳಿ ಸುತ್ತಿಕೊಂಡು ಮತ್ತೆ ಎದುರಿಗೆ ಬಂದು ಕೂತಿತ್ತು.

“ಎಂಚಿಲಾಡಾ ಅಂದ್ರ ಅರ್ಥ ಏನಂತ?” ಎಂದೆ, ಮಾತು ತಿರುಗಿಸಲು.

ಸೊಸೆ ಬೆರಳಾಡಿಸಿದಳು. ಆಮೇಲೆ ಅವ್ವನ ಮುಖ ನೋಡಿದಳು. “ಖಾರ ಹಚ್ಚಿದ್ದು ಅಂತ, ಮಾಮ.”

ಯಾರೂ ಮಾತಾಡಲಿಲ್ಲ. ಅವ್ವ ಮಾತ್ರ ಮೂರನೆಯ ಸುರುಳಿಗೆ ಕೈಹಾಕಿದಳು. ಹುಟ್ಟಿದಾಗಿನಿಂದ ಗುಂಟೂರು ತಿಂದ ನಾಲಿಗೆ, ಬೆವರೂ ಇರಲಿಲ್ಲ. ಸ್ಪ್ಯಾನಿಷ್ ಭಾಷೆಯನ್ನು ಇಷ್ಟು ನಿಖರವಾಗಿ ಅನುವಾದ ಮಾಡಿದ್ದಕ್ಕೆ ಆಕೆಗೆ ಯಾವ ಅಕಾಡೆಮಿಯೂ ಪ್ರಶಸ್ತಿ ಕೊಡಲಿಲ್ಲ. ಮಗನಂತೂ ನಕ್ಕಿದ್ದ.

ಬೆಳಿಗ್ಗೆ ಉಳಿದ ರೊಟ್ಟಿಯನ್ನು ನಮ್ಮಾಕಿ ಮುರಿದು, ಮಿಕ್ಕ ರಸಕ್ಕೆ ನೀರು ಬೆರೆಸಿ ಖಾರ ಇಳಿಸಿ, ಒಗ್ಗರಣೆಯಲ್ಲಿ ಕುದಿಸಿದಳು. ತಂಗಳ ರೊಟ್ಟಿಗೆ ನಮ್ಮ ಮನೆಯಲ್ಲಿ ಯಾವತ್ತಿನಿಂದಲೂ ಇರುವ ಗತಿ. ಸೊಸೆ ಎರಡು ಸಲ ಹಾಕಿಸಿಕೊಂಡು ತಿಂದಳು. “ಮಾಮ, ಹಳೇ ತೋರ್ತಿಯಾನ ಹಿಂಗ ಖಾರದಾಗ ಕುದಿಸಿದ್ರ ಮೆಕ್ಸಿಕೋದಾಗ ಚಿಲಾಕಿಲೆಸ್ ಅಂತಾರಂತ!” ಎಂದು ಕೂಗಿದಳು. ನಾನು ಕೇಳಿಸದವನಂತೆ ಫ್ಯೂಸಿಗೆ ದಪ್ಪ ತಂತಿ ಕಟ್ಟಿಸಲು ಎಲೆಕ್ಟ್ರಿಷಿಯನ್ನನ್ನು ಕರೆಯಹೊರಟೆ.

ಬಾಗಿಲಲ್ಲಿ ಅವ್ವ ಎಲೆ ಹಿಡಿದು ಕೂತಿದ್ದಳು. ಎಲೆ ಬರಿದಾಗಿತ್ತು.

“ತಮ್ಮಾ, ಮೆಕ್ಸಿಕೋದವರು ಹೋದ್ರೇನು?”

ಮಾಳಿಗೆಯ ಅಂಚಿನಿಂದ ಒಣಮೆಣಸಿನಕಾಯಿ ಇಣುಕುತ್ತಿತ್ತು. ಬುಟ್ಟಿಯಲ್ಲಿ ಟೊಮ್ಯಾಟೊ, ಚೀಲದಲ್ಲಿ ಗೋವಿನ ಜೋಳ, ಹಿತ್ತಿಲಲ್ಲಿ ಚಿಕ್ಕು ಗಿಡ. ಎಲ್ಲಾ ಅದೇ ಸೀಮೆಯವು. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ ಪಾಠ ನಮ್ಮ ಮನೆಯಲ್ಲೇ ಕೂತಿತ್ತು.

“ಇಲ್ಲವ್ವಾ. ಬಂದು ನಾನೂರು ಐನೂರು ವರ್ಷ ಆಯ್ತಂತ. ಹೋಗಿಲ್ಲ, ಇಲ್ಲೇ ಅದಾರ.”

“ಹಂಗಾದ್ರ ಅವರಿಗೆ ಹೇಳು, ನನ್ನ ಸುಣ್ಣದ ಡಬ್ಬಿ ತುಂಬಿಸಿಕೊಡ್ಲಿ.”